ವಾರ್ಡ್ ಬಿಟ್ಟು ಪಿಎಚ್‌ಡಿ ಮಾಡಬೇಕಾ, ವಾರ್ಡಿನಲ್ಲಿದ್ದೇ ಮಾಡಬಹುದಾ?

ಪ್ರಶ್ನೆ: ಮೇಡಂ, ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಮೆಡಿಕಲ್ ಸರ್ಜಿಕಲ್‌ನಲ್ಲಿ ಎಂ.ಎಸ್ಸಿ. ನರ್ಸಿಂಗ್ ಆಗಿದೆ. ಉಡುಪಿ ಕಡೆ ಪಿಎಚ್‌ಡಿಗೆ ಸೇರುವ ಆಸೆ ಇದೆ. ಆದರೆ ಕೇಳಿದವರೆಲ್ಲ ಹೇಳುವುದು ಒಂದೇ, "ಪಿಎಚ್‌ಡಿ ಅಂದ್ರೆ ಡ್ಯೂಟಿ ಬಿಡ್ಬೇಕು, ಆಮೇಲೆ ಪಾಠ ಮಾಡ್ಲಿಕ್ಕೆ ಹೋಗ್ಬೇಕು" ಅಂತ. ನನಗೆ ರೋಗಿಗಳ ಹತ್ತಿರ ಇರುವುದೇ ಇಷ್ಟ. ಅಮೆರಿಕದಲ್ಲಿ ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್) ಅಂತ ಬೇರೆ ಒಂದು ಡಿಗ್ರಿ ಉಂಟಂತೆ. ಇಲ್ಲಿ ಡ್ಯೂಟಿ ಮತ್ತು ಸಂಶೋಧನೆ ಎರಡನ್ನೂ ಒಟ್ಟಿಗೆ ಮಾಡ್ಲಿಕ್ಕೆ ಆಗ್ತದಾ?

ಉತ್ತರ: ಆಗ್ತದೆ. ಸುಲಭ ಅಂತ ಹೇಳುವುದಿಲ್ಲ, ಆದರೆ ಆಗ್ತದೆ. ನಾನು ವಾರ್ಡ್ ಬಿಟ್ಟು ಪಿಎಚ್‌ಡಿ ಮಾಡಿದವಳು. ಹನ್ನೊಂದು ವರ್ಷ ವಾರ್ಡಿನಲ್ಲಿದ್ದೆ, ಆಮೇಲೆ ಕಾಲೇಜು ಸೇರಿದೆ. ಆಗ ನನಗೂ ಎಲ್ಲರೂ ಇದೇ ಮಾತು ಹೇಳಿದ್ದರು, ನಾನು ಒಪ್ಪಿಕೊಂಡೆ. ಬಿಟ್ಟದ್ದು ಎಷ್ಟು ದೊಡ್ಡದು ಅಂತ ಗೊತ್ತಾದದ್ದು ಥೀಸಿಸ್ ಬರೆಯಲು ಕೂತಾಗ. ಕೇಳಬೇಕಾದ ಪ್ರಶ್ನೆಗಳೆಲ್ಲ ವಾರ್ಡಿನಲ್ಲೇ ಉಳಿದುಬಿಟ್ಟಿದ್ದವು. ಹಾಗಾಗಿ ನೀವು ಡ್ಯೂಟಿ ಬಿಡುವ ಮೊದಲು ಕೇಳಿದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು.

ಸಮಯ, ರಜೆ, ಪರ್ಮಿಷನ್ ಎಲ್ಲ ಆಮೇಲೆ. ಮೊದಲು ವಿಷಯದ ಆಯ್ಕೆ. ಎರಡೂ ಕೆಲಸ ಒಟ್ಟಿಗೆ ಹೋಗ್ತದಾ ಇಲ್ಲವಾ ಅನ್ನುವುದು ಅಲ್ಲೇ ತೀರ್ಮಾನ ಆಗ್ತದೆ.

ನಮ್ಮ ನರ್ಸಿಂಗ್ ಕಾಲೇಜುಗಳ ಲೈಬ್ರರಿಯಲ್ಲಿ ಥೀಸಿಸ್ ಕಪಾಟು ನೋಡಿದ್ದೀರಲ್ಲ. ಒಂದರ ಪಕ್ಕ ಒಂದು, ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ಮೊದಲು ಒಂದು ಪ್ರಶ್ನಾವಳಿ, ನಂತರ ಮುಕ್ಕಾಲು ಗಂಟೆ ಪಾಠ, ಏಳನೇ ದಿನ ಮತ್ತೆ ಅದೇ ಪ್ರಶ್ನಾವಳಿ. ಅಂಕ ಜಾಸ್ತಿ ಆಯಿತು ಅಂತ ಬರೆದು ಮುಗಿಸುತ್ತೇವೆ. ನನ್ನ ಎಂ.ಎಸ್ಸಿ. ಕೆಲಸವೂ ಅದೇ. ಆ ಅಂಕದಿಂದ ಯಾರದಾದರೂ ಕೈ ಊತ ಇಳಿಯಿತಾ, ಯಾರಿಗಾದರೂ ಬೆಡ್‌ಸೋರ್ ತಪ್ಪಿತಾ ಅಂತ ನಾನು ವಾರ್ಡಿಗೆ ಹೋಗಿ ನೋಡಲಿಲ್ಲ. ಕಲಿಯುವವರಿಗೆ ಅಭ್ಯಾಸಕ್ಕೆ ಇಂಥದ್ದು ಸಾಕು. ಒಂಬತ್ತು ವರ್ಷ ರೋಗಿಗಳನ್ನು ನೋಡಿದ ನಿಮ್ಮಂಥವರು ಪಿಎಚ್‌ಡಿಯಲ್ಲೂ ಅದನ್ನೇ ಮಾಡಬಾರದು. ಅಂಥ ವಿಷಯ ತೆಗೆದುಕೊಂಡರೆ ಡ್ಯೂಟಿ ಒಂದು ಕಡೆ, ಸಂಶೋಧನೆ ಇನ್ನೊಂದು ಕಡೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಆಗ್ತದೆ.

ವಾರ್ಡಿನ ಪ್ರಶ್ನೆ ಅಂದರೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ನೀವು ದಿನಾ ಹಾಕುವ ಕ್ಯಾನುಲಾ, ಡ್ರಿಪ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ. ನಮಗೆ ಕಲಿಸಿದ ನಿಯಮ ನೆನಪಿರಬೇಕು. ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಕೈ ಚೆನ್ನಾಗಿದ್ದರೂ, ಡ್ರಿಪ್ ಸರಿಯಾಗಿ ಹೋಗುತ್ತಿದ್ದರೂ ತೆಗೆದು ಬೇರೆ ಜಾಗಕ್ಕೆ ಹಾಕಬೇಕು. ಇಲ್ಲದಿದ್ದರೆ ಫ್ಲೆಬೈಟಿಸ್ ಆಗ್ತದೆ, ಅಂದರೆ ರಕ್ತನಾಳ ಉರಿ ಬಂದು ಊದಿಕೊಳ್ಳುತ್ತದೆ. ಎಷ್ಟು ಸಲ ನಾವು ರಕ್ತನಾಳವೇ ಸಿಗದ ವಯಸ್ಸಾದವರಿಗೆ ಬರೀ ನಿಯಮಕ್ಕೋಸ್ಕರ ಮತ್ತೆ ಮೂರು ಸಲ ಚುಚ್ಚಿಲ್ಲ? ಇದು ನಿಜವಾಗಿ ಬೇಕಾ ಅಂತ ಆಸ್ಟ್ರೇಲಿಯಾದ ಕ್ಲೇರ್ ರಿಕರ್ಡ್ ಎಂಬ ನರ್ಸ್ ಕೇಳಿದರು. ಅವರ ತಂಡ ಕ್ವೀನ್ಸ್‌ಲ್ಯಾಂಡ್‌ನ 3 ಆಸ್ಪತ್ರೆಗಳಲ್ಲಿ 3,283 ರೋಗಿಗಳನ್ನು ತೆಗೆದುಕೊಂಡು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮೂರನೇ ದಿನ ಕ್ಯಾನುಲಾ ಬದಲು. ಇನ್ನೊಂದು ಗುಂಪಿಗೆ ತೊಂದರೆ ಕಂಡರೆ ಮಾತ್ರ ಬದಲು. 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಫ್ಲೆಬೈಟಿಸ್ ಆದದ್ದು ಶೇ. 7 ಜನರಿಗೆ. ವ್ಯತ್ಯಾಸವೇ ಇಲ್ಲ. ವರ್ಷಗಟ್ಟಲೆ ನಡೆದು ಬಂದ ಒಂದು ಪದ್ಧತಿಯನ್ನು ಮಂಚದ ಪಕ್ಕ ಹುಟ್ಟಿದ ಒಂದು ಪ್ರಶ್ನೆ ಅಲ್ಲಾಡಿಸಿತು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಊರಿನ ಜನರಲ್ ವಾರ್ಡಿಗೆ ಬನ್ನಿ. ಎಸಿ ಇಲ್ಲ. ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಾ ಇರುತ್ತದೆ. ರೋಗಿಯ ಮುಂಗೈ ಬೆವರಿ ಜಾರುತ್ತಿರುತ್ತದೆ. ಬೆಳಿಗ್ಗೆ ಅಂಟಿಸಿದ ಪ್ಲಾಸ್ಟರ್‌ನ ಒಂದು ಮೂಲೆ ಎದ್ದಿರುತ್ತದೆ, ಅದರ ಅಡಿಯಲ್ಲಿ ಬೆವರು, ಪೌಡರ್, ಬೈರಾಸಿನ ನೂಲು. ಕೈ ಅಲುಗಿದಾಗಲೆಲ್ಲ ಕ್ಯಾನುಲಾ ಒಳಗೆ ಒಂದಿಷ್ಟು ಜರುಗುತ್ತದೆ. ಸಂಜೆ ಹೊತ್ತಿಗೆ ಜೊತೆಯಲ್ಲಿ ಕೂತ ಮಗಳು ಸೆರಗಿನ ಅಂಚಿನಿಂದ ಒರೆಸಿ, ಅದೇ ಪ್ಲಾಸ್ಟರನ್ನು ಬೆರಳಿನಿಂದ ಒತ್ತಿ ಕೂರಿಸುತ್ತಾಳೆ. ಆಸ್ಟ್ರೇಲಿಯಾದ ಉತ್ತರ ಈ ಕೈಗೆ ಹಾಗೆಯೇ ಹೊಂದುತ್ತದಾ? ನಮ್ಮ ಸೆಕೆಯಲ್ಲಿ ಯಾವ ಡ್ರೆಸಿಂಗ್ ನಿಲ್ಲುತ್ತದೆ? ದಿನಕ್ಕೆ ಎಷ್ಟು ಸಲ ನೋಡಿದರೆ ಊತ ಶುರುವಿನಲ್ಲೇ ಗೊತ್ತಾಗುತ್ತದೆ? ನನ್ನ ಲೆಕ್ಕದಲ್ಲಿ ಇವು ಒಂದೊಂದೂ ಪಿಎಚ್‌ಡಿ ಮಟ್ಟದ ಪ್ರಶ್ನೆಗಳು. ಕಾಲೇಜಿನ ಕೋಣೆಯಲ್ಲಿ ಕೂತವರಿಗೆ ಇವು ಹೊಳೆಯುವುದೇ ಇಲ್ಲ. ನಿಮಗೆ ಹೊಳೆಯುತ್ತದೆ, ಯಾಕೆಂದರೆ ಆ ಪ್ಲಾಸ್ಟರ್ ಅಂಟಿಸಿದವರು ನೀವೇ.

ಇನ್ನು ಕಷ್ಟದ ವಿಷಯಕ್ಕೆ ಬರುತ್ತೇನೆ. ನಿಮ್ಮದೇ ವಾರ್ಡಿನಲ್ಲಿ ಸಂಶೋಧನೆ ಮಾಡುವಾಗ ನೀವು ಇಬ್ಬರಾಗಿರುತ್ತೀರಿ, ರೋಗಿಯ ಸಿಸ್ಟರ್ ಮತ್ತು ಸಂಶೋಧಕಿ. ಪ್ರಶ್ನೆ ಹುಡುಕುವಾಗ ಇಬ್ಬರೂ ಒಂದೇ ಆಗಿರಬೇಕು. ಒಪ್ಪಿಗೆ ಕೇಳುವಾಗ ಇಬ್ಬರೂ ಬೇರೆ ಆಗಲೇಬೇಕು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಎಂ.ಎಸ್ಸಿ. ಆದ ಮೇಲೆ, ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಒಂದು ಸಣ್ಣ ಸ್ಟಡಿ ಮಾಡಿದೆ. ಮೊಣಕಾಲಿನ ಆಪರೇಷನ್ ಆದವರಿಗೆ ಐಸ್ ಪ್ಯಾಕ್ ಇಟ್ಟರೆ ನೋವು ಎಷ್ಟು ಕಡಿಮೆ ಆಗುತ್ತದೆ ಅಂತ. ಯೂನಿಫಾರ್ಮ್ ಹಾಕಿಕೊಂಡೇ, ಇಂಜೆಕ್ಷನ್ ಟ್ರೇ ಪಕ್ಕದಲ್ಲಿಟ್ಟುಕೊಂಡೇ ಒಪ್ಪಿಗೆ ಕೇಳುತ್ತಿದ್ದೆ. ಒಬ್ಬರು ಅಜ್ಜಿ ತಕ್ಷಣ ಹೆಬ್ಬೆಟ್ಟು ಒತ್ತಿದರು. ಮೂರು ದಿನ ಚೂರೂ ತಕರಾರಿಲ್ಲ. ನೋವು ಕಡಿಮೆ ಉಂಟು ಅಂತಲೇ ಪ್ರತಿ ಸಲ ಹೇಳಿದರು. ಡಿಸ್ಚಾರ್ಜ್ ದಿನ ಅವರ ಮಗಳು ನನ್ನನ್ನು ಬದಿಗೆ ಕರೆದು ಹೇಳಿದಳು, "ಸಿಸ್ಟರ್, ಐಸ್ ಇಟ್ಟ ಮೇಲೆ ಅಮ್ಮ ರಾತ್ರಿಯಿಡೀ ನಡುಗ್ತಿದ್ರು. ನಿಮ್ಮತ್ರ ಹೇಳ್ಬೇಡ ಅಂದ್ರು. ರಾತ್ರಿ ಸೂಜಿ ಹಾಕುವವರು ನೀವೇ ಅಲ್ವಾ, ಬೇಜಾರು ಮಾಡಿಕೊಂಡರೆ ಅಂತ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಜ್ಜಿಯ ಒಪ್ಪಿಗೆಯೂ ನಿಜವಲ್ಲ, ಅವರು ಹೇಳಿದ ನೋವಿನ ಅಂಕಿಯೂ ನಿಜವಲ್ಲ. ಎರಡೂ ಹಾಳಾದದ್ದು ನಾನು ಆ ಯೂನಿಫಾರ್ಮಿನಲ್ಲಿ ನಿಂತಿದ್ದರಿಂದ.

ಹಾಗಾಗಿ ಸಿನಾಪ್ಸಿಸ್‌ನಲ್ಲೇ, ಅಂದರೆ ಸಂಶೋಧನೆಯ ಯೋಜನೆಯಲ್ಲೇ, ಬರೆಯಿರಿ: ನನ್ನ ಆರೈಕೆಯಲ್ಲಿರುವ ರೋಗಿಯ ಒಪ್ಪಿಗೆಯನ್ನು ನಾನು ಕೇಳುವುದಿಲ್ಲ. ಆ ವಾರ್ಡಿಗೆ ಸಂಬಂಧ ಇಲ್ಲದ, ತರಬೇತಿ ಕೊಟ್ಟ ಇನ್ನೊಬ್ಬರು ಕೇಳಲಿ. ಬೇಡ ಅಂದವರು ಯಾರು ಅಂತ ನಿಮಗೆ ಗೊತ್ತಾಗದ ಹಾಗೆ ವ್ಯವಸ್ಥೆ ಇರಲಿ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯನ್ನು ಒಮ್ಮೆ ಪೂರ್ತಿ ಓದಿ. ಎಥಿಕ್ಸ್ ಕಮಿಟಿಯವರು ಕೇಳುತ್ತಾರೆ ಅಂತ ಅಲ್ಲ, ಆ ಅಜ್ಜಿಯಂಥವರಿಗೋಸ್ಕರ.

ಇನ್ನೊಂದು ಸಂದರ್ಭ. ನೀವು ಸಂಶೋಧಕಿಯಾಗಿ, ಡ್ಯೂಟಿ ಇಲ್ಲದ ದಿನ, ವಾರ್ಡಿಗೆ ಹೋಗಿದ್ದೀರಿ. ಕ್ಯಾನುಲಾ ಜಾಗ ನೋಡಿ ವಿಐಪಿ ಸ್ಕೋರ್, ಅಂದರೆ ಫ್ಲೆಬೈಟಿಸ್ ಎಷ್ಟು ಆಗಿದೆ ಅಂತ ಕಣ್ಣಿನಿಂದ ನೋಡಿ ಕೊಡುವ ಅಂಕ, ಹಾಕುತ್ತಿದ್ದೀರಿ. ಅದು 0ರಿಂದ 5ರವರೆಗೆ ಇರುತ್ತದೆ, 2 ಬಂದರೆ ಕ್ಯಾನುಲಾ ತೆಗೆಯಬೇಕು. ಒಬ್ಬರ ಕೈಯಲ್ಲಿ 3 ಕಾಣಿಸಿತು. ಕೆಂಪಾಗಿದೆ, ಊದಿದೆ, ಮುಟ್ಟಿದರೆ ಕೈ ಎಳೆದುಕೊಳ್ಳುತ್ತಾರೆ. ವಾರ್ಡಿನ ಸಿಸ್ಟರ್ ಇನ್ನೂ ನೋಡಿಲ್ಲ. ಸುಮ್ನೆ ಬರೆದುಕೊಂಡು ಬರುತ್ತೀರಾ? ಹೇಳಿದರೆ ಡೇಟಾ ಬದಲಾಗುತ್ತದೆ ಅಂತ ಹೆದರಿ ಸುಮ್ಮನಿದ್ದವರನ್ನು ನಾನು ನೋಡಿದ್ದೇನೆ. ಖಂಡಿತ ಹಾಗೆ ಮಾಡಬೇಡಿ. ಮೊದಲು ಸ್ಕೋರ್ ಬರೆಯಿರಿ, ಅದೇ ನಿಮಿಷ ಆ ಬೆಡ್ಡಿನ ಸಿಸ್ಟರಿಗೆ ಹೇಳಿ, ಹೇಳಿದ ಸಮಯವನ್ನೂ ಬರೆಯಿರಿ. ಎಷ್ಟು ಸ್ಕೋರ್ ಬಂದರೆ ಯಾರಿಗೆ ಹೇಳುತ್ತೇನೆ ಅನ್ನುವುದು ಪ್ರೊಟೊಕಾಲ್‌ನಲ್ಲಿ ಮೊದಲೇ ಇದ್ದರೆ ನಿಮ್ಮ ಸ್ಟಡಿ ಹಾಳಾಗುವುದಿಲ್ಲ. ಪರೀಕ್ಷಕರು ಕೇಳಿದರೆ ಧೈರ್ಯವಾಗಿ ಹೇಳಬಹುದು.

ಡ್ಯೂಟಿ ಹೊತ್ತಿನಲ್ಲಿ ಡೇಟಾ ತೆಗೆಯಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಒಂದು ಫಾರ್ಮ್ ತುಂಬುತ್ತಿರುವಾಗ ಪಕ್ಕದ ಬೆಡ್ಡಿನವರ ಸ್ಯಾಚುರೇಷನ್ ಇಳಿಯಿತು ಅಂದರೆ ನೀವು ಓಡಲೇಬೇಕು, ಓಡುತ್ತೀರಿ. ಫಾರ್ಮ್ ಅರ್ಧಕ್ಕೆ ನಿಲ್ಲುತ್ತದೆ. ಸಾಯಂಕಾಲ ನೆನಪಿನಿಂದ ತುಂಬಿದ ಫಾರ್ಮ್ ಡೇಟಾ ಅಲ್ಲ. ಜೊತೆಗೆ ನಿಮ್ಮ ಸಹೋದ್ಯೋಗಿಗಳಿಗೂ ಅದು ಅನ್ಯಾಯ. ನಿಮ್ಮ ಪಿಎಚ್‌ಡಿಗೋಸ್ಕರ ಅವರು ಎರಡು ಬೆಡ್ ಜಾಸ್ತಿ ನೋಡುವ ಹಾಗೆ ಆಗಬಾರದು.

ಸ್ಟಡಿಯ ವಿನ್ಯಾಸದ ಬಗ್ಗೆ ಒಂದು ಮಾತು. ಒಂದೇ ವಾರ್ಡಿನಲ್ಲಿ ಅರ್ಧ ಜನರಿಗೆ ಹೊಸ ಡ್ರೆಸಿಂಗ್, ಅರ್ಧ ಜನರಿಗೆ ಹಳೆಯದು ಅಂತ ಮಾಡಿದರೆ ಎರಡೂ ಬೆರೆತು ಹೋಗುತ್ತದೆ. ಹೊಸದು ಚೆನ್ನಾಗಿದೆ ಅಂತ ಕಂಡರೆ ಸಿಸ್ಟರುಗಳು ಎಲ್ಲರಿಗೂ ಅದನ್ನೇ ಹಾಕುತ್ತಾರೆ, ಮನಸ್ಸು ತಡೆಯುವುದಿಲ್ಲ. ಅದಕ್ಕೆ ವಾರ್ಡನ್ನೇ ಒಂದು ಘಟಕ ಅಂತ ತೆಗೆದುಕೊಂಡು, ಕೆಲವು ವಾರ್ಡಿಗೆ ಮೊದಲು, ಉಳಿದವಕ್ಕೆ ಆಮೇಲೆ, ಹಂತ ಹಂತವಾಗಿ ಹೊಸ ಪದ್ಧತಿ ತರುವ ಸ್ಟೆಪ್ಡ್ ವೆಡ್ಜ್ ವಿನ್ಯಾಸವನ್ನು ಯೋಚಿಸಿ. ಕೊನೆಗೆ ಎಲ್ಲ ವಾರ್ಡಿಗೂ ಸಿಗುತ್ತದೆ, ಹಾಗಾಗಿ ಇನ್‌ಚಾರ್ಜ್‌ಗಳೂ ಒಪ್ಪುತ್ತಾರೆ. ಲೆಕ್ಕ ಸ್ವಲ್ಪ ಕಷ್ಟ. ಸಿನಾಪ್ಸಿಸ್ ಬರೆಯುವ ಮೊದಲೇ ಸಂಖ್ಯಾಶಾಸ್ತ್ರಜ್ಞರ ಹತ್ತಿರ ಹೋಗಿ ಕೂತುಕೊಳ್ಳಿ, ಡೇಟಾ ಎಲ್ಲ ಆದ ಮೇಲೆ ಅಲ್ಲ. ಚಿಕಿತ್ಸೆ ಅಥವಾ ಆರೈಕೆ ಬದಲಿಸುವ ಟ್ರಯಲ್ ಆದರೆ ಸಿಟಿಆರ್‌ಐನಲ್ಲಿ, ಅಂದರೆ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಲ್ಲಿ, ನೋಂದಣಿ ಬೇಕು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಮಾಡಿದರೆ ಮಾತ್ರ ತೆಗೆದುಕೊಳ್ಳುತ್ತಾರೆ.

ನಮ್ಮ ಊರಿಗೇ ಸೇರಿದ ಒಂದು ಸಂಗತಿಯನ್ನು ಗೈಡ್‌ಗಳು ಕೂಡ ಮರೆಯುತ್ತಾರೆ. ಭಾಷೆ. ಇಂಗ್ಲಿಷ್ ಸ್ಕೇಲನ್ನು ಕನ್ನಡಕ್ಕೆ ಮಾಡುತ್ತೇವೆ, ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸುತ್ತೇವೆ, ಸರಿ ಬಂತು ಅಂತ ಸಮಾಧಾನ. ಆದರೆ ಮಂಚದಲ್ಲಿ ಮಲಗಿದವರು ಮನೆಯಲ್ಲಿ ಮಾತಾಡುವುದು ತುಳು, ಬ್ಯಾರಿ, ಕೊಂಕಣಿ. ಮಂಗಳೂರಿನ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಕಾಸರಗೋಡು ಕಡೆಯಿಂದ ಬಂದ ಮಲಯಾಳಂ ಮಾತಿನವರೂ ಇರುತ್ತಾರೆ. "ನೋವು ಇದೆಯಾ?" ಅಂತ ಕೇಳಿದರೆ ಹಳ್ಳಿಯ ಎಷ್ಟೋ ತುಳು ಅಜ್ಜಿಯರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. "ಬೇನೆ ಉಂಡಾ?" ಅಂತ ಕೇಳಿ, ಆಗ ಮಾತು ಬರುತ್ತದೆ, ಎಲ್ಲಿ, ಎಷ್ಟು ಹೊತ್ತಿನಿಂದ, ಉರಿಯಾ ಸೆಳೆತವಾ ಅಂತ. ತುಳುವಿಗೆ ಬರೆಯಲು ಕನ್ನಡ ಲಿಪಿ ಸಾಕು. ಹಾಗಾಗಿ ತುಳುವಿನ ಒಪ್ಪಿಗೆ ಪತ್ರ, ತುಳುವಿನ ಪ್ರಶ್ನೆಗಳನ್ನು ಮಾಡಿಕೊಳ್ಳುವುದು ಕಷ್ಟವಲ್ಲ. ವಾರ್ಡಿನ ಆಯಾಗಳಿಗೆ, ಹಿರಿಯ ಸಿಸ್ಟರುಗಳಿಗೆ ಒಮ್ಮೆ ಓದಿ ಹೇಳಿ, ಈ ಮಾತು ಮನೆಯಲ್ಲಿ ಹೀಗೆ ಹೇಳ್ತಾರಾ ಅಂತ ಕೇಳಿ. ಅದಕ್ಕೊಂದು ವಾರ ಕೊಟ್ಟರೆ ನಿಮ್ಮ ಡೇಟಾದ ಬೆಲೆಯೇ ಬೇರೆ ಆಗುತ್ತದೆ.

ಈಗ ನಿಯಮಗಳು. ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಅವಕಾಶ ಇದೆ. ಕೋರ್ಸ್ ವರ್ಕ್ (ಕ್ಲಾಸಿಗೆ ಹೋಗಿ ಮುಗಿಸಬೇಕಾದ ಓದು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆ 2 ವರ್ಷದ ರಿಯಾಯಿತಿ ಇದೆ, ಒಟ್ಟು 10 ವರ್ಷ ಮೀರಬಾರದು. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದ ತನಕ ರಜೆ ಕೊಡಬಹುದು. ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರತಿ ಸೆಮಿಸ್ಟರ್ ಒಮ್ಮೆ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಪಾರ್ಟ್ ಟೈಮ್ ಆದರೆ ನಿಮ್ಮ ಆಸ್ಪತ್ರೆಯಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ, ತರಬೇಕು. ಅದರಲ್ಲಿ ಮೂರು ವಿಷಯ ಇರಬೇಕು: ಪಾರ್ಟ್ ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್ ವರ್ಕ್ ಮುಗಿಸಲು ಡ್ಯೂಟಿಯಿಂದ ಬಿಡುಗಡೆ ಮಾಡುತ್ತೇವೆ ಅಂತ. ಬಾಯಿಮಾತಿಗೆ ನಿಲ್ಲಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಬದಲಾದರೆ ಬಾಯಿಮಾತೂ ಬದಲಾಗುತ್ತದೆ.

ಕೋರ್ಸ್ ವರ್ಕ್ ತಿಂಗಳುಗಳೇ ದೇಹಕ್ಕೆ ಜಾಸ್ತಿ ಕಷ್ಟ. ನೈಟ್ ಮುಗಿಸಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತಿ ಮಣಿಪಾಲದಲ್ಲಿ ಇಳಿದು ಕ್ಲಾಸಿನಲ್ಲಿ ಕೂರುತ್ತೇನೆ ಅಂತ ಹೊರಡಬೇಡಿ. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೆ ಎರಡು ತಿಂಗಳು ಮಾಡಿದಳು. ಒಂದು ದಿನ ಡ್ರಗ್ ಕ್ಯಾಲ್ಕುಲೇಷನ್‌ನಲ್ಲಿ ದಶಮಾಂಶ ತಪ್ಪಿತು. ಎರಡನೇ ಸಿಸ್ಟರ್ ನೋಡಿದ್ದರಿಂದ ಬಚಾವ್. ಆ ತಿಂಗಳುಗಳಿಗೆ ರಜೆ ಉಳಿಸಿಟ್ಟುಕೊಳ್ಳಿ, ಸಂಬಳ ಕಡಿತ ಆದರೂ ಪರವಾಗಿಲ್ಲ.

ಡಿಎನ್‌ಪಿ ಬಗ್ಗೆ ಕೇಳಿದ್ದೀರಿ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಅದನ್ನು ಬೆಂಬಲಿಸಿ ನಿಲುವು ತಳೆಯಿತು. ಆ ಸಂಘದ 2006ರ ಮಾನದಂಡದಲ್ಲಿ, ಮೊದಲ ನರ್ಸಿಂಗ್ ಪದವಿ ಆದ ಮೇಲೆ ಕನಿಷ್ಠ 1,000 ಗಂಟೆ ಕ್ಲಿನಿಕಲ್ ಕೆಲಸ ಅದರ ಭಾಗ ಆಗಿತ್ತು. ಇರುವ ಜ್ಞಾನವನ್ನು ರೋಗಿಯ ಹತ್ತಿರ ತರುವುದು ಡಿಎನ್‌ಪಿಯ ಕೆಲಸ, ಹೊಸ ಜ್ಞಾನ ಹುಡುಕುವುದು ಪಿಎಚ್‌ಡಿಯ ಕೆಲಸ ಅಂತ ಅಲ್ಲಿ ಭಾಗ ಮಾಡಿದ್ದಾರೆ. ನಮ್ಮಲ್ಲಿ ಪಿಎಚ್‌ಡಿ ಸಂಶೋಧನಾ ಪದವಿ. ವಾರ್ಡಿನಲ್ಲಿ ಇಷ್ಟು ಗಂಟೆ ಇರಬೇಕು ಅಂತ ಯುಜಿಸಿ ನಿಯಮ ಹೇಳುವುದಿಲ್ಲ. ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸಿನಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವುದು, ಇದೆ, ಆದರೆ ಅದು ಸ್ನಾತಕೋತ್ತರ ಮಟ್ಟದ್ದು. ಅಂದರೆ ನಿಮ್ಮ ಪಿಎಚ್‌ಡಿಯೊಳಗೆ ಕ್ಲಿನಿಕಲ್ ಭಾಗ ಬೇಕಾದರೆ ನೀವೇ ಕಟ್ಟಿಕೊಳ್ಳಬೇಕು. ಗೈಡ್ ಕಾಲೇಜಿನವರಾದರೆ, ಕೋ ಗೈಡ್ ಆಗಿ ದಿನಾ ರೋಗಿಗಳನ್ನು ನೋಡುವ ಅರ್ಹ ವ್ಯಕ್ತಿಯೊಬ್ಬರನ್ನು ಕೇಳಿ. ಬೇರೆ ಸಂಸ್ಥೆಯವರಿಗೂ ಅವಕಾಶ ಇದೆ.

ಪಿಎಚ್‌ಡಿ ಆದ ಮೇಲೆ ವಾರ್ಡಿನಲ್ಲಿ ಉಳಿಯಬಹುದಾ? ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಭಯ ಇದೇ ಅಂತ ನನಗೆ ಅನಿಸುತ್ತದೆ. ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಪಿಎಚ್‌ಡಿ ಆದ ನರ್ಸಿಗೆ ಮಂಚದ ಹತ್ತಿರ ಹುದ್ದೆ ಇಲ್ಲ. ಸಂಬಳ, ಬಡ್ತಿ ಎಲ್ಲ ಕಾಲೇಜಿನ ಕಡೆ. ಅದು ನನಗೆ ತುಂಬಾ ನೋವಿನ ಸಂಗತಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪಾಠ ಮಾಡುವವರೇ ವಾರ್ಡಿನ ಹೊಣೆಯನ್ನೂ ಹೊರುವ ಪದ್ಧತಿ ಬಹಳ ವರ್ಷದಿಂದ ಇದೆ, ಅಂದರೆ ನಮ್ಮ ದೇಶದಲ್ಲಿ ಆಗದ ಕೆಲಸವಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಇಂಥ ಜಂಟಿ ಹುದ್ದೆಗಳನ್ನು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕರಾವಳಿಯಲ್ಲಿ ಕಾಲೇಜು ಮತ್ತು ಆಸ್ಪತ್ರೆ ಒಂದೇ ಕ್ಯಾಂಪಸ್ಸಿನಲ್ಲಿರುವ ಸಂಸ್ಥೆಗಳು ಎಷ್ಟಿವೆ ನೋಡಿ. ವಾರಕ್ಕೆ ಎರಡು ದಿನ ಪಾಠ, ನಾಲ್ಕು ದಿನ ವಾರ್ಡು ಅಂತ ಒಬ್ಬರಿಗೆ ಮಾಡಿಕೊಟ್ಟರೂ ಅದು ಶುರು. ಆ ಒಬ್ಬರು ನೀವಾಗಬೇಕು ಅಂತ ನನ್ನ ಆಸೆ.

ಸೇರುವ ಮೊದಲು ಒಂದು ಕೆಲಸ ಮಾಡಿ. ನಾಳೆಯಿಂದ ನಾಲ್ಕು ವಾರ ಯೂನಿಫಾರ್ಮಿನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಇನ್‌ಚಾರ್ಜ್ ಸಿಸ್ಟರಿಗೆ ಹೇಳಿಯೇ ಮಾಡಿ. ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಕೂತು, ಇವತ್ತು "ಇದನ್ನು ಯಾಕೆ ಹೀಗೆ ಮಾಡ್ತೇವೆ?" ಅಂತ ಅನಿಸಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ರೋಗಿಯ ಹೆಸರು, ಐಪಿ ನಂಬರ್ ಬೇಡ. ಇದು ಡೇಟಾ ಅಲ್ಲ, ಥೀಸಿಸ್‌ನಲ್ಲಿ ಸೇರಿಸುವಂತೆಯೂ ಇಲ್ಲ. ನಾಲ್ಕು ವಾರ ಆದ ಮೇಲೆ ಯಾವ ಸಾಲು ಐದಾರು ಸಲ ಬಂದಿದೆ ನೋಡಿ. ಅದರ ಕೆಳಗೆ ಗೆರೆ ಎಳೆದು, ಆ ಪುಸ್ತಕವನ್ನೇ ಹಿಡಿದುಕೊಂಡು ಗೈಡ್ ಹತ್ತಿರ ಹೋಗಿ.